ಮಲಗುವ ಮಗುವಿನ ಕುಲಾವಿ

ನ್ಯೂಯಾರ್ಕಿನ ಆ ಪ್ರಕಾಶನ ಸಂಸ್ಥೆಯ ಮಕ್ಕಳ ಪುಸ್ತಕ ವಿಭಾಗದಲ್ಲಿ ಒಡೆಸ್ಸಾ ಪೆಟ್ವೇಗೆ ಅದು ಹನ್ನೊಂದನೇ ವರ್ಷ. ಅಲ್ಲಿನ ಸಂಪಾದಕರಲ್ಲಿ ಕಪ್ಪು ಜನಾಂಗದವಳು ಅವಳೊಬ್ಬಳೇ. ಮೊದಮೊದಲು ಸಭೆಗೆ ಹೋದಾಗಲೆಲ್ಲ ತನ್ನವರು ಯಾರಾದರೂ ಬಂದಿದ್ದಾರಾ ಅಂತ ಕಣ್ಣಾಡಿಸುತ್ತಿದ್ದಳು. ಆಮೇಲೆ ಬಿಟ್ಟಳು.

ಆ ಮಂಗಳವಾರ ಸಭೆಯ ಮೇಜಿನ ಮೇಲೆ ಅವಳು ಸಿದ್ಧಪಡಿಸುತ್ತಿದ್ದ ಪುಸ್ತಕದ ಕೊನೆಯ ಚಿತ್ರವಿತ್ತು. ಪುಟ್ಟ ಕಪ್ಪು ಹುಡುಗಿ ನಿದ್ದೆಹೋಗಿದ್ದಾಳೆ, ತಲೆಗೆ ನೇರಳೆ ಬಣ್ಣದ ನುಣುಪಾದ ಸ್ಯಾಟಿನ್ ಕುಲಾವಿ.

"ಪಾಪ, ಮಗೂಗೆ ಕಾಯಿಲೆನಾ? ಕೂದಲು ಉದುರಿಹೋಗಿದೆಯಾ?" ಅಂದ ಮಾರಾಟ ವಿಭಾಗದ ಡಗ್. "ಅಂಗಡೀಲಿ ತಾಯಂದಿರು ಹೆದರ್ಕೊಂಡು ಪುಸ್ತಕ ಕೆಳಗಿಟ್ಟುಬಿಡ್ತಾರೆ, ನೋಡ್ತಿರಿ."

"ಕಾಯಿಲೆನೂ ಇಲ್ಲ, ಕಸಾಲೆನೂ ಇಲ್ಲ," ಅಂದಳು ಒಡೆಸ್ಸಾ. "ಹತ್ತಿ ದಿಂಬಿಗೆ ಉಜ್ಜಿದ್ರೆ ನಮ್ಮ ಕೂದಲು ಮುರಿಯುತ್ತೆ. ಮೂರು ಗಂಟೆ ಕೂತು ಹೆಣೆದ ಜಡೇನ ಒಂದೇ ರಾತ್ರೀಲಿ ಹಾಳು ಮಾಡ್ಕೊಳ್ಳೋಕಾಗುತ್ತಾ?"

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ! ನೀವೂ ಹಾಕ್ಕೊಂಡೇ ಮಲಗ್ತೀರಾ?" ಮುಖ್ಯ ಸಂಪಾದಕಿ ಮೆರೆಡಿತ್ ಪ್ರೀತಿಯಿಂದಲೇ ಕೇಳಿದಳು.

ಎಲ್ಲರೂ ಒಡೆಸ್ಸಾಳ ತಲೆಯನ್ನೇ ನೋಡಿದರು. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವರಿಗೆ ತಾನು ಹೇಗೆ ಮಲಗುತ್ತೇನೆ ಅಂತ ಹೇಳಬೇಕಾಗಿ ಬಂತಲ್ಲ! "ಹೂಂ," ಅಂದಳು.

ಆದರೂ ಮಾರಾಟ ಕೆಡಬಾರದೆಂದು ಚಿತ್ರದಿಂದ ಕುಲಾವಿ ತೆಗೆಯುವುದೆಂದೇ ತೀರ್ಮಾನವಾಯಿತು. ಒಪ್ಪಿಗೆ ಹಾಳೆಗೆ ಒಡೆಸ್ಸಾಳ ಸಹಿಯಷ್ಟೇ ಬಾಕಿ. ನಾಳೆ ಕೊಡುತ್ತೇನೆಂದು ಎದ್ದು ಬಂದಳು.

ಅವಳ ನಾಲ್ಕು ವರ್ಷದ ಮಗಳು ನೈಲಾ ವಾರದಿಂದ ಕುಲಾವಿ ಕಿತ್ತೆಸೆಯುತ್ತಿದ್ದಳು. "ಪುಸ್ತಕದಲ್ಲಿ ಯಾವ ಹುಡ್ಗೀನೂ ಹಾಕ್ಕೊಳ್ಳಲ್ಲ," ಅನ್ನುವ ತಕರಾರು. ಇವತ್ತು ಕುಲಾವಿ. ನಾಳೆ ತನ್ನ ಕೂದಲೇ ಬೇಡ ಅಂದರೆ?

ಪುಸ್ತಕ ಬರೆದ ವರ್ಲೀನ್, ಮೆಂಫಿಸ್‌ನಲ್ಲಿ ಶಾಲಾ ಬಸ್ ಓಡಿಸಿ ನಿವೃತ್ತಳಾದವಳು. ಅವಳಾದರೂ ಬೆನ್ನಿಗೆ ನಿಂತಾಳು ಅಂತ ಒಡೆಸ್ಸಾ ಫೋನ್ ಮಾಡಿದಳು.

"ಕಾಯಿಲೆನಂತಾ!" ವರ್ಲೀನ್ ಬಿದ್ದು ಬಿದ್ದು ನಕ್ಕಳು. "ನಮ್ಮನೇಲಿ ಗೊಂಬೆಗೂ ಕುಲಾವಿ ಇದೆ ಅಂತ ಹೇಳು ಅವ್ರಿಗೆ." ಆಮೇಲೆ ದನಿ ತಗ್ಗಿತು. "ತೆಗೆದ್ರೆ ತೆಗೀಲಿ ಬಿಡು ಮಗಾ. ನಂಗೆ ಅರವತ್ತೆಂಟು. ಪುಸ್ತಕ ಬಂದ್ರೆ ಸಾಕು."

"ಪುಸ್ತಕ ಬಂದೇ ಬರುತ್ತೆ ಮಿಸ್ ವರ್ಲೀನ್. ಇದೊಂದನ್ನ ನಂಗೆ ಬಿಟ್ಬಿಡಿ."

"ಹಠಮಾರಿ. ಮಾಡ್ಕೋ ಹೋಗು."

ಮರುದಿನ ಸಹಿಯಿಲ್ಲದ ಹಾಳೆಯನ್ನು ಮೆರೆಡಿತ್‌ಳ ಮುಂದಿಟ್ಟಳು. "ಕುಲಾವಿ ಇರ್ಲೇಬೇಕು. ತೆಗೆಯೋದಾದ್ರೆ ಬೇರೆ ಯಾರಾದ್ರೂ ಸಹಿ ಹಾಕ್ಲಿ."

ಮೆರೆಡಿತ್ ಚಿತ್ರವನ್ನು ತಿರುತಿರುಗಿಸಿ ನೋಡಿದಳು. "ಸರಿ. ಮಾರಾಟ ಆಗ್ದಿದ್ರೆ ಹೊಣೆ ನಿಮ್ಮದು."

ವಸಂತದಲ್ಲಿ ಪುಸ್ತಕ ಬಂತು, ಕುಲಾವಿ ಸಮೇತ. ಅಂದಿನಿಂದ ಕಪ್ಪು ಮಕ್ಕಳಿರುವ ಪ್ರತಿ ಚಿತ್ರವೂ, ಯಾರ ಪುಸ್ತಕದ್ದೇ ಆಗಲಿ, "ಒಂದ್ಸಲ ನೋಡ್ಬಿಡಿ" ಎಂಬ ಚೀಟಿ ಹೊತ್ತು ಅವಳ ಮೇಜಿಗೆ ಬರುತ್ತದೆ. ಉಳಿದವರು ಊಟಕ್ಕೆ ಇಳಿದುಹೋಗುತ್ತಾರೆ. ಅವಳು ನೋಡುತ್ತ ಕೂರುತ್ತಾಳೆ. ಅನುಮಾನ ಬಂದಾಗ ತಿರುಗಿ "ಹೀಗೇ ಅಲ್ವೇನೇ?" ಅಂತ ಕೇಳೋಣವೆಂದರೆ, ಆ ಇಡೀ ಮಹಡಿಯಲ್ಲಿ ತನ್ನಂಥ ಇನ್ನೊಬ್ಬಳಿಲ್ಲ.