ಅಂಚಿನ ಎರಡು ಸಾಲು

ದೇವಿಂದ್ರಪ್ಪ ವಕೀಲರು ತೀರಿಕೊಂಡ ದಿನ ಪುರಸಭೆ ಅರ್ಧ ದಿನ ಮುಚ್ಚಿತ್ತು. ಊರಿನ ಪರವಾಗಿ ವಾದಿಸಿ ಒಂದು ದೊಡ್ಡ ಖಟ್ಲೆಯನ್ನೂ ಸೋಲದವರು ಎಂದು ಅಧ್ಯಕ್ಷರು ಭಾಷಣ ಮಾಡಿದರು. ಬದುಕಿದ್ದು ಆ ಮಾತು ಕೇಳಿದ್ದರೆ ವಕೀಲರು ಎದ್ದು ಹೊರಗೆ ನಡೆಯುತ್ತಿದ್ದರು.

ಶಹಾಬಾದದ ಆಚೆಗಿನ ಆ ಸಣ್ಣ ಊರಲ್ಲಿ ಕಾನೂನು ಓದಿದ ಮೊದಲಿಗರು ಅವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತು, ಹೈದರಾಬಾದಿನಲ್ಲಿ ವಕೀಲಿ ಮುಗಿಸಿ ಬಂದಿದ್ದರು. ರಾಜ್ಯ ಒಂದಾದ ಮೇಲೆ ಕಚೇರಿಗಳಿಗೆ ಕನ್ನಡ ಬಂತು. ದಫ್ತರದ ಕಪಾಟುಗಳಲ್ಲಿ ಮಾತ್ರ ಉರ್ದುವೇ ಉಳಿಯಿತು. ಮೈಸೂರು ಕಡೆಯಿಂದ ಬಂದ ನ್ಯಾಯಾಧೀಶರಿಗೆ ಅದು ಬಾರದು, ಧಾರವಾಡದಲ್ಲಿ ಓದಿ ಬಂದ ಹೊಸ ವಕೀಲರಿಗೂ ಬಾರದು. ಹಳೆಯ ಕಾಗದ ಎದುರಾದಾಗಲೆಲ್ಲ ಪುರಸಭೆ ದೇವಿಂದ್ರಪ್ಪನವರನ್ನೇ ಕರೆಯುತ್ತಿತ್ತು.

೧೯೬೪ರಲ್ಲಿ ಬಸ್ ನಿಲ್ದಾಣದ ಹಿಂದೆ ಅಂಗಡಿ ಸಾಲು ಕಟ್ಟಬೇಕೆಂದು ಪುರಸಭೆ ಹೊರಟಿತು. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವರ ಹನ್ನೊಂದು ಮನೆಗಳಿದ್ದವು. ಅವರ ಪರವಾಗಿ ಲತೀಫಾ ಎಂಬ ವಿಧವೆ ದಾವೆ ಹೂಡಿದಳು. ಜಾಗ ಯಾರದೆಂದು ಹೇಳುವ ಕಾಗದ ಒಂದೇ, ಅದೂ ಪುರಸಭೆಯ ದಫ್ತರದಲ್ಲಿ. ಜಾಗ ಊರಿನದು ಎಂದು ನಡುವೆ ಬರೆದಿತ್ತು. ಹಳೆಯ ಗುಮಾಸ್ತರು ಷರತ್ತು ಬರೆಯುತ್ತಿದ್ದ ಅಂಚಿನಲ್ಲಿ ಇನ್ನೆರಡು ಸಾಲು: ಪೇಟೆಯ ದಾರಿಗೆ ಕಲ್ಲು ಹಾಸಿಕೊಟ್ಟವರ ವಂಶ ಇರುವವರೆಗೆ ಅವರನ್ನು ಎಬ್ಬಿಸತಕ್ಕದ್ದಲ್ಲ.

"ಅಂಚಿಂದು ಯಾಕ್ರೀ ವಕೀಲ್ರ," ಎಂದರು ಆಗಿನ ಅಧ್ಯಕ್ಷರು. "ನಡುವಿಂದಷ್ಟೇ ಕನ್ನಡಕ್ಕ ಇಳಸ್ರಿ. ಪುರಸಭೆಗಿ ಕಾಯಂ ವಕೀಲರನ್ನ ಮುಂದಿನ ತಿಂಗಳ ಆರಸಾಕತ್ತೀವಿ, ಗೊತ್ತದಲ್ಲ."

ದೇವಿಂದ್ರಪ್ಪ ನಡುವಿನದಷ್ಟೇ ಬರೆದರು. ಯಾರಾದರೂ ಮೂಲ ಕಾಗದ ಓದಿಸಿ ಎನ್ನುತ್ತಾರೆ, ಆಗ ಹೇಳಿಬಿಡುತ್ತೇನೆ ಎಂದುಕೊಂಡೇ ಕೋರ್ಟಿಗೆ ಹೋದರು.

ನ್ಯಾಯಾಧೀಶರು ಲತೀಫಾಳನ್ನು ಕೇಳಿದರು ಕೂಡ: ಈ ಅನುವಾದ ಒಪ್ಪಿಗೆಯೇ, ಬೇರೆಯವರಿಂದ ಓದಿಸಬೇಕೇ?

"ಬ್ಯಾಡ್ರಿ ಸಾಹೇಬ್ರ," ಎಂದಳು. "ನಮ್ಮ ದೇವಿಂದ್ರಣ್ಣ ಓದ್ಯಾನ. ಅವರಪ್ಪ, ನಮ್ಮ ಮಾವ ಒಂದೇ ತಾಟಿನಾಗ ಉಂಡೋರು. ಅವನ ಮ್ಯಾಲ ಇನ್ನೊಬ್ಬನ್ನ ಕರಸಿದ್ರ ನಾಳಿಗಿ ಅವನ ಮಾರಿ ಹ್ಯಾಂಗ ನೋಡ್ಲಿ?"

ದೇವಿಂದ್ರಪ್ಪ ತಲೆ ತಗ್ಗಿಸಿ ಕಡತದ ದಾರ ಕಟ್ಟಿದರು.

ಬೇಸಿಗೆಯೊಳಗೆ ಹನ್ನೊಂದು ಮನೆಗಳೂ ಬಿದ್ದವು. ದೇವಿಂದ್ರಪ್ಪ ಪುರಸಭೆಯ ಕಾಯಂ ವಕೀಲರಾದರು. ಹದಿನೈದು ವರ್ಷ ಆ ಅಂಗಡಿ ಸಾಲಿನ ದಾರಿ ಬಿಟ್ಟು ಬಸ್ ನಿಲ್ದಾಣಕ್ಕೆ ಸುತ್ತುಬಳಸಿ ಹೋದರು.

ಹೆಂಡತಿ ಶರಣಬಸಮ್ಮ ತೀರಿಕೊಂಡ ವರ್ಷ ದೇವಿಂದ್ರಪ್ಪನವರು ತಾವೇ ಅರ್ಜಿ ಬರೆದು ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡರು. ದಫ್ತರದಲ್ಲಿ ಹುಡುಕಿದರೆ ಆ ಕಾಗದವೇ ಇಲ್ಲ. ಎರಡೂ ಕಡೆಯವರು ಒಪ್ಪಿದ ಅನುವಾದ, ಅವಧಿಯೂ ಮೀರಿದೆ ಎಂದು ಅರ್ಜಿ ವಜಾ ಆಯಿತು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಪುರಸಭೆಯವರು ಮರುಗಿದರು.

ಆಮೇಲೆ ವಾಡಿ ಊರಿಗೆ ಹೋಗಿ ಲತೀಫಾಳನ್ನು ಹುಡುಕಿ ಎಲ್ಲವನ್ನೂ ಹೇಳಿದರು. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿ ಮೊರ ಕೆಳಗಿಟ್ಟಳು.

"ಕಾಗದದಾಗ ನಮಗ ಹಕ್ಕಿಲ್ಲ, ದೇವಿಂದ್ರಣ್ಣನೇ ಓದ್ಯಾನ ಅಂತ ಹೇಳಿ ಮಕ್ಕಳನ್ನ ಸುಮ್ಮನ ಮಾಡೀನಿ," ಎಂದಳು. "ಈಗ ಅವರಿಗಿ ಏನ್ ಹೇಳ್ಲಿ? ನಿನ್ನ ಎದಿ ಹಗರಾಗ್ಲಿ ಅಂತ ಬಂದೀಯಲ್ಲ, ಹೋಗಣ್ಣ. ಇದನ್ನ ನೀನೇ ಇಟ್ಕೋ."

ಅಂದಿನಿಂದ ಅವರು ಯಾರಿಗೂ ಉರ್ದು ಕಾಗದ ಓದಿ ಹೇಳಲಿಲ್ಲ. ಅದೇ ಜಿಲ್ಲೆಯ ಮುಧೋಳದಿಂದ, ಕುಂಚಾವರಂನಿಂದ ಜನ ಕಾಗದದ ಗಂಟು ಹಿಡಿದು ಬಂದರೆ, "ಕಣ್ಣು ಕಾಣವಲ್ವಪ್ಪಾ," ಎಂದು ಕಳಿಸಿಬಿಡುತ್ತಿದ್ದರು.

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಪೇಪರಿನ ಮೂಲೆಯ ಸಣ್ಣ ಅಕ್ಷರವನ್ನೂ ಕನ್ನಡಕವಿಲ್ಲದೆ ಓದುತ್ತಿದ್ದರು. ಸಾಯುವ ದಿನ ಬೆಳಿಗ್ಗೆಯೂ ಓದಿದ್ದರು.