ಗೆದ್ದವಳು ಮತ್ತೆ ಓಡುವಂತಿಲ್ಲ

ಡಾರ್ಕಸ್ ಪೆನ್ನಿಂಗ್ ಓಡುವುದನ್ನು ದಿನವೂ ನೋಡುತ್ತಿದ್ದವು ಹಸುಗಳು ಮಾತ್ರ. ಇಂಗ್ಲೆಂಡಿನಲ್ಲಿ ಎರಡನೆಯ ಜಾರ್ಜ್ ದೊರೆ ಪಟ್ಟದಲ್ಲಿದ್ದ ಕಾಲ. ವಿಲ್ಟ್‌ಶೈರಿನ ಗುಡ್ಡಗಳ ಮಗ್ಗುಲಿನ ಆಷ್‌ಕೂಂಬ್ ಹಳ್ಳಿಯಲ್ಲಿ ಪಿನಕ್ ಎಂಬ ರೈತನ ಮನೆಗೆ ಅವಳು ಹಾಲು ಕರೆಯುವ ಆಳು. ಬೆಳಗಾಗೆದ್ದು ಗುಡ್ಡದ ಮೇಲಿನ ದನಗಳನ್ನು ಹೊಡೆದು ತರಲು ಉಳಿದ ಹೆಂಗಸರು ಗೊಣಗಿಕೊಂಡು ನಡೆದರೆ, ಇವಳು ಲಂಗ ಎತ್ತಿ ಕಟ್ಟಿ, ಮೆಟ್ಟು ಕೈಯಲ್ಲಿ ಹಿಡಿದು, ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಳು. ಯಾಕೆ ಎಂದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಓಡುವಷ್ಟು ಹೊತ್ತು ತಾನು ಯಾರ ಆಳೂ ಅಲ್ಲ ಅನ್ನಿಸುತ್ತಿತ್ತು, ಅಷ್ಟೇ.

ನಮ್ಮಂಥವರಿಗೆ ಆಟವೆಂದರೆ ಹಬ್ಬದ ದಿನ. ಊರಿನ ದೊಡ್ಡಮನೆಯ ಒಡೆಯ ಕ್ವೆಂಟಿನ್ ದೊರೆಗೆ ಮಳೆ ಬಂದರೂ ಆಡಲು ಮಾಡು ಹೊದಿಸಿದ ಚೆಂಡಾಟದ ಮನೆಯಿತ್ತು. ಮನಸ್ಸು ಬಂದ ದಿನ ಅಂಗಿ ಕಳಚಿ ಆಡಿ, ಬೆವರು ಒರೆಸಲು ಬೇರೆಯವರನ್ನು ಕರೆಯುತ್ತಿದ್ದ. ಊರ ಗಂಡಸರು ವರ್ಷಕ್ಕೊಂದು ಸಲ ಓಣಿ ತುಂಬ ನುಗ್ಗಾಡಿ ಚೆಂಡು ಒದ್ದು, ಮೂಗು ಒಡೆದುಕೊಂಡು, ಮರುದಿನ ನೇಗಿಲ ಹಿಂದೆ ಕುಂಟುತ್ತಿದ್ದರು. ಹೆಂಗಸರ ಪಾಲಿಗೆ ಇದ್ದದ್ದು ಈಸ್ಟರಿನ ಏಳು ವಾರದ ಮೇಲೆ ಬರುವ ವಿಟ್ಸನ್ ಹಬ್ಬದ ಒಂದೇ ಓಟ. ಗಳುವಿನ ತುದಿಗೆ ಒಂದು ಲಿನನ್ ನಿಲುವಂಗಿ ಕಟ್ಟುತ್ತಿದ್ದರು, ಮೊದಲು ಮುಟ್ಟಿದವಳಿಗೆ ಅದು. ಒಮ್ಮೆ ಗೆದ್ದವಳು ಆಮೇಲೆ ಓಡುವಂತಿಲ್ಲ. ಬಟ್ಟೆ ಇನ್ನೊಬ್ಬ ಬಡವಿಯ ಮೈಗೂ ಸಿಗಲಿ ಎಂದು ಹಿರಿಯರು ಹಾಕಿದ ಕಟ್ಟು. ತಪ್ಪೆನ್ನಲು ಬಾಯಿ ಬರುವುದಿಲ್ಲ, ಆದರೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಡಾರ್ಕಸ್ ಮೊದಲ ಸಲವೇ ಗೆದ್ದುಬಿಟ್ಟಳು. ಆಗ ಇನ್ನೂ ಹುಡುಗಿ. ಜಾಣೆಯಾಗಿದ್ದರೆ ಎರಡನೆಯವಳಾಗಿ ಬರುತ್ತಿದ್ದಳು, ವರ್ಷ ವರ್ಷವೂ ಓಡಬಹುದಿತ್ತು. ಅದು ಹೊಳೆದದ್ದು ಮುಂದಿನ ಹಬ್ಬಕ್ಕೆ ಹಗ್ಗದ ಆಚೆ ನಿಂತು, ಬಾತುಕೋಳಿಯಂತೆ ಓಡುವವರನ್ನು ನೋಡುವಾಗ. ಆ ನಿಲುವಂಗಿ ತೊಟ್ಟು ತೊಟ್ಟು ಹರಿದು ಒಲೆ ಒರೆಸುವ ಅರಿವೆಯಾಯಿತು. ಡಾರ್ಕಸ್ ಹಗ್ಗದ ಆಚೆಯೇ ನಿಂತಿದ್ದಳು.

ಅಷ್ಟರಲ್ಲಿ ಪಕ್ಕದ ಸೀಮೆಯ ಒಬ್ಬ ಜಮೀನ್ದಾರ ಕ್ವೆಂಟಿನ್ ದೊರೆಯ ಮನೆಯಲ್ಲಿ ಕುಡಿದು ಕೂತು, ನಮ್ಮ ಕಡೆ ಅಗಸಗಿತ್ತಿ ಒಬ್ಬಳಿದ್ದಾಳೆ, ಓಟದಲ್ಲಿ ಅವಳನ್ನು ಹಿಂದೆ ಹಾಕುವ ಹೆಣ್ಣೇ ಹುಟ್ಟಿಲ್ಲ ಎಂದ. ನಮ್ಮಲ್ಲಿದ್ದಾಳೆ ಎಂದ ದೊರೆ. ಪಣ ಬಿತ್ತು. ವಿಟ್ಸನ್ ಹಬ್ಬದ ಮಧ್ಯಾಹ್ನ ದೊಡ್ಡಮನೆಯ ಹುಲ್ಲುಗಾವಲಿನಲ್ಲಿ ಇಬ್ಬರ ಓಟ, ಗೆದ್ದವಳಿಗೆ ನಯವಾದ ಹಾಲೆಂಡ್ ಬಟ್ಟೆಯ ನಿಲುವಂಗಿ. ಊರ ಓಟವಲ್ಲದ್ದರಿಂದ ಊರ ಕಟ್ಟು ಇದಕ್ಕೆ ತಾಗದು. ಡಾರ್ಕಸ್‌ಳನ್ನು ಯಾರೂ ಕೇಳಲಿಲ್ಲ, ಹೇಳಿ ಕಳಿಸಿದರು. ಅವಳು ಅಂದು ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ನಕ್ಕಳು.

ಪಿನಕ್‌ನ ಹೆಂಡತಿ ಕೆಟ್ಟವಳೇನಲ್ಲ, ಕಟ್ಟುನಿಟ್ಟಿನವಳು.

"ಹೋಗು, ಬೇಡ ಅನ್ನಲ್ಲ," ಅಂದಳು. "ಆದ್ರೆ ಸಂಜೆ ಹಾಲು ಕರೆಯೋ ಹೊತ್ತಿಗೆ ಕೊಟ್ಟಿಗೇಲಿರ್ಬೇಕು. ಇಲ್ಲಾಂದ್ರೆ ನಿನ್ ಗಂಟು ಬಾಗ್ಲಾಚೆ ಇರುತ್ತೆ ನೋಡ್ಕೊ."

ಬರಿ ಬೆದರಿಕೆಯಲ್ಲ ಅದು. ವರ್ಷದ ನಡುವೆ ಹೊರಬಿದ್ದ ಆಳನ್ನು ಆಳುಗಳನ್ನು ವರ್ಷಕ್ಕೆ ಗೊತ್ತು ಮಾಡುವ ಮುಂದಿನ ಆಳುಸಂತೆಯವರೆಗೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಹಬ್ಬದ ದಿನ ಊರಿಗೆ ಊರೇ ಹಗ್ಗದ ಸುತ್ತ ನೆರೆಯಿತು. ಅಗಸಗಿತ್ತಿ ಮಾರ್ಜರಿ ಉದ್ದಕಾಲಿನ ಒಣಕಲು ಹೆಂಗಸು, ಬೂದಿನೀರಿಗೆ ಕೈಯೆಲ್ಲ ಬಿರಿದಿತ್ತು. ಇಬ್ಬರೂ ಸುಣ್ಣದ ಗೆರೆಯ ಹತ್ತಿರ ನಿಂತರು. ದೊರೆಗಳು ಊಟಕ್ಕೆ ಕೂತಿದ್ದಾರೆ, ಈಗ ಬರುತ್ತಾರೆ ಎಂದರು. ಮಾಂಸದ ತಟ್ಟೆಗಳು ಒಳಗೆ ಹೋದವು, ಖಾಲಿಯಾಗಿ ಹೊರಗೆ ಬಂದವು. ಆಮೇಲೆ ಶೀಸೆಗಳು ಹೋದವು. ಹೊಟ್ಟೆ ತುಂಬಿದವರಿಗೆ ಹೊತ್ತು ಹೋದದ್ದು ಎಲ್ಲಿ ತಿಳಿಯಬೇಕು. ಜನ ಕಾದು ಕಾದು ಬೇಸತ್ತು ಕುಸ್ತಿಯ ಕಡೆಗೆ, ಬಿಯರಿನ ಕಡೆಗೆ ಕರಗಿದರು. ಮಾರ್ಜರಿ ಕೂತು ರೊಟ್ಟಿ ಮುರಿದು ತಿಂದಳು. ಡಾರ್ಕಸ್ ಕೂರಲಿಲ್ಲ. ಕೂತರೆ ಕಾಲು ಮರಗಟ್ಟಬಹುದೆಂಬ ಭಯ.

ನೆರಳು ಉದ್ದವಾಗುವ ಹೊತ್ತಿಗೆ ಪಿನಕ್‌ನ ಹಸುಗಳು ಕೂಗತೊಡಗಿದವು. ಕೆಚ್ಚಲು ಬಿಗಿದಾಗ ಅವು ಹಾಗೆ ಕೂಗುತ್ತವೆ. ಒಂದೊಂದರ ದನಿಯೂ ಅವಳಿಗೆ ಗೊತ್ತು. ಈಗ ಹೊರಟರೆ ಕೆಲಸ ಉಳಿಯುತ್ತದೆ, ಓಟ ಹೋಗುತ್ತದೆ, ಇಂಥದ್ದು ಇನ್ನೊಮ್ಮೆ ಬರುವುದಿಲ್ಲ. ಅವಳು ಎರಡು ಹೆಜ್ಜೆ ಹೋದಳು, ತಿರುಗಿ ಬಂದಳು. ಕಿವಿ ಮುಚ್ಚಿಕೊಂಡು ಗೆರೆಯ ಮೇಲೆಯೇ ನಿಂತಳು.

ಕಡೆಗೂ ಒಬ್ಬ ಸೇವಕ ಬಂದ. ಬಂದವನು ನೆಟ್ಟಗೆ ಗಳುವಿನ ಹತ್ತಿರ ಹೋಗಿ ನಿಲುವಂಗಿ ಬಿಚ್ಚತೊಡಗಿದ. ಓಟ ಇಲ್ಲವಂತೆ. ಪಣದ ಬದಲಿಗೆ ಜಮೀನ್ದಾರ ಒಂದು ಬೇಟೆನಾಯಿಯ ಮರಿ ಕೊಡುತ್ತೇನೆಂದನಂತೆ, ದೊರೆ ಪಣ ಬಿಟ್ಟನಂತೆ. ಇಬ್ಬರಿಗೂ ಖುಷಿಯಂತೆ. ಬಟ್ಟೆ ಮಡಚಿ ಬಗಲಲ್ಲಿಟ್ಟುಕೊಂಡು ಅವನು ಹೊರಟುಹೋದ.

ಡಾರ್ಕಸ್ ಬರಿದಾದ ಗಳುವನ್ನು ನೋಡಿದಳು. ಆದರೂ ಗೆರೆ ಇತ್ತು, ಹುಲ್ಲಿತ್ತು, ಇಬ್ಬರೂ ಅಲ್ಲೇ ಇದ್ದರು.

"ಅವ್ರು ಬಿಟ್ರೆ ಬಿಡ್ಲಿ. ನಾವು ಓಡೋಣ ಬಾ ಅಕ್ಕ. ಅಕೋ, ಆ ಓಕ್ ಮರದ ತನ್ಕ."

ಮಾರ್ಜರಿ ಮಡಿಲಿನ ರೊಟ್ಟಿಪುಡಿ ಕೊಡವಿ ಎದ್ದಳು. "ಯಾತಕ್ಕೆ?"

"ಯಾರು ಮುಂದೆ ಅಂತ ಗೊತ್ತಾಗ್ಬೇಕಲ್ಲ."

"ಗೊತ್ತಾಗಿ ಏನ್ಮಾಡ್ಲಿ? ಆ ನಿಲುವಂಗೀನ ಹರಿದು ಮಕ್ಕಳಿಗೆ ಅಂಗಿ ಹೊಲಿಯೋಣ ಅಂತ ಅಷ್ಟು ದೂರದಿಂದ ಬಂದೆ. ಬಟ್ಟೆ ಸಿಗೋದಿಲ್ಲ ಅಂದ್ಮೇಲೆ ಸುಮ್‌ಸುಮ್ನೆ ಓಡೋಕೆ ನಾವೇನು ದೊರೆಗಳೇನೆ?"

ದೊರೆಗಳ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಡಾರ್ಕಸ್‌ಗೆ ಅವಳ ಮೇಲೆ ಬಂತು. ಒಂದು ಮಾತೂ ಸುಳ್ಳಲ್ಲ ಎಂದು ಗೊತ್ತಿದ್ದೇ ಬಂತು. ಮಾರ್ಜರಿ ಬೇಲಿಯ ಗೇಟಿನತ್ತ ನಡೆದಳು. ಆ ನಡಿಗೆ ನೋಡಿದರೇ ತಿಳಿಯುತ್ತಿತ್ತು, ಓಡಬಲ್ಲ ಹೆಂಗಸು. ಬೇಲಿ ದಾಟಿ ಮರೆಯಾಗುವವರೆಗೂ ಡಾರ್ಕಸ್ ಅವಳ ಕಾಲುಗಳನ್ನೇ ನೋಡುತ್ತಿದ್ದಳು.

ಅವಳು ಪಿನಕ್‌ನ ಮನೆ ಮುಟ್ಟುವಾಗ ಹಸುಗಳ ಕೂಗು ನಿಂತಿತ್ತು. ಯಜಮಾನಿ ತಾನೇ ಕೂತು ಕರೆದು ಮುಗಿಸಿ, ಬೆನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಟು ಹೊರಗಿತ್ತು. ಬೈಯುತ್ತಾಳೆಂದು ಡಾರ್ಕಸ್ ತಲೆ ತಗ್ಗಿಸಿದಳು. ಯಜಮಾನಿ ಬೈಯಲಿಲ್ಲ.

"ಗೆದ್ಯಾದ್ರೂ ಏನೆ?" ಅಂತ ಕೇಳಿದಳು.

"ಓಡ್ಲೇ ಇಲ್ಲ, ಅಮ್ಮಾವ್ರೇ," ಅಂದಳು ಡಾರ್ಕಸ್.