ಎರಡು ರಿಂಗ್

ಹೆದರುವುದು ನನಗೆ ಸಂಬಳದ ಕೆಲಸವಾದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಪುಕ್ಕಟೆಯಾಗಿಯೇ ಹೆದರುತ್ತಿದ್ದೆ. ಹೊಸಪೇಟೆ ಬಸ್ ಸ್ಟ್ಯಾಂಡಿನ ತನಕ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಆಟೋ ಹಿಡಿದು ಮನೆಗೆ ವಾಪಸಾದವನು ನಾನು. ನೆಂಟರನ್ನು ಹಂಪಿಗೆ ಕರೆದೊಯ್ದರೆ ಅವರು ಕಂಬದ ಕೆತ್ತನೆ ನೋಡುತ್ತಾರೆ, ನಾನು ತಲೆಯ ಮೇಲಿನ ಕಲ್ಲುಚಪ್ಪಡಿ ನೋಡುತ್ತೇನೆ. ಇಷ್ಟು ವರ್ಷ ನಿಂತದ್ದು ಇವತ್ತೇ ಬೀಳಬೇಕು ಎಂದುಕೊಂಡಿದ್ದರೆ?

ನಾನು ಇರುವುದು ಒಂದು ಗಣಿ ಕಂಪನಿಯ ಹೊಸಪೇಟೆ ಆಫೀಸಿನಲ್ಲಿ. ಗಣಿ ಇರುವುದು ಸಂಡೂರಿನ ಗುಡ್ಡದಲ್ಲಿ. ಆಫೀಸಿನ ಫೋನು, ಮೆಸೇಜು, ಗಣಿಯೊಳಗಿನ ಫೋನು, ಗೇಟಿನ ಫೋನು, ಎಲ್ಲ ಮಾತೂ ನಮ್ಮ ಹಿಂದಿನ ಕೋಣೆಯಲ್ಲಿರುವ ಒಂದು ಸರ್ವರನ್ನು ಹಾದೇ ಹೋಗಬೇಕು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಣಿಯ ಹತ್ತಿರ ಮೊಬೈಲ್ ಹಿಡಿಯುವುದಿಲ್ಲ. ಮಧ್ಯಾಹ್ನ ಮದ್ದು ಹಾರಿಸುವ ಮುಂಚೆ ಗುಡ್ಡದ ಬುಡದ ಗೇಟು ಮುಚ್ಚುತ್ತಾರೆ. ಹಾರಿಸಿ ಮುಗಿದು, ಗಣಿಯಿಂದ ಫೋನ್ ಬಂದ ಮೇಲೆಯೇ ತೆರೆಯಬೇಕು. ಸೈರನ್ ಇದೆ, ಆದರೆ ಅದು ಗೇಟಿಗೆ ಕೇಳಿಸುವುದು ಗಾಳಿಯ ಮರ್ಜಿ. ಸದ್ದನ್ನು ನಂಬೋಣವೆಂದರೆ ಸುತ್ತಲಿನ ಗಣಿಗಳೆಲ್ಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾರಿಸುತ್ತವೆ. ಯಾವ ಢಂ ಯಾರದ್ದೆಂದು ಗೊತ್ತಾಗುವುದಿಲ್ಲ.

ಒಂದು ದಿನ ಆ ಸರ್ವರ್ ಸದ್ದಿಲ್ಲದೆ ನಿಂತುಬಿಟ್ಟಿತು. ಗೇಟು ಮುಚ್ಚಿದ್ದು ಮುಚ್ಚಿಯೇ ಇತ್ತು, ಲಾರಿಗಳು ರಸ್ತೆಯುದ್ದಕ್ಕೂ ನಿಂತವು. ನಾನು ಆಫೀಸಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಮರುದಿನ ಗಣಿಯ ಮ್ಯಾನೇಜರು ನನ್ನ ಮೇಜಿನ ಮುಂದೆ ಬಂದು ನಿಂತರು.

“ನಿಮ್ಮ ಮಷೀನು ಸತ್ತಿದ್ದನ್ನ ಲಾರಿ ಡ್ರೈವರ್ ಬಂದು ಹೇಳಬೇಕೇನ್ರಿ? ಸಾಯೋಕಿಂತ ಮೊದ್ಲ ಗೊತ್ತಾಗಂಗ ಏನರ ಮಾಡ್ರಿ.”

ಮಾಡಿದೆ. ಇಂಥ ಕೆಲಸಕ್ಕೆ ನನ್ನಷ್ಟು ಅರ್ಹ ಇನ್ಯಾರೂ ಇರಲಿಕ್ಕಿಲ್ಲ. ಸರ್ವರಿನ ನಾಡಿ ಹಿಡಿದು ಕೂರುವ ಒಂದು ಪ್ರೋಗ್ರಾಮ್ ಹಾಕಿದೆ. ಡಿಸ್ಕ್ ತುಂಬುತ್ತಿದೆಯೇ, ಕೋಣೆಯ ಕಾವು ಏರಿದೆಯೇ, ಗುಡ್ಡದ ಲಿಂಕ್ ಇದೆಯೇ, ಬ್ಯಾಟರಿ ಇಳಿಯುತ್ತಿದೆಯೇ ಎಂದು ಅದು ನೋಡುತ್ತದೆ. ಹಸಿರು ಚುಕ್ಕೆಯೆಂದರೆ ಕ್ಷೇಮ, ಹಳದಿಯೆಂದರೆ ಎಚ್ಚರ, ಕೆಂಪೆಂದರೆ ನಾನು ಓಡಬೇಕು. ಬುದ್ಧಿ ಇರುವವರು ಡಿಸ್ಕು ಮುಕ್ಕಾಲು ದಾಟಿದ ಮೇಲೆ ಎಚ್ಚರಿಸು ಎನ್ನುತ್ತಾರೆ. ನಾನು ಅರ್ಧಕ್ಕೇ ಎಂದೆ. ಬೇರೆಯವರು ಕೆಟ್ಟಾಗ ತಿಳಿಸು ಎನ್ನುತ್ತಾರೆ. ನಾನು ಸರಿಯಿದ್ದರೂ ತಿಳಿಸು ಎಂದೆ. ಅಂಗಿಯ ಜೇಬಿನಲ್ಲಿ ಫೋನು ಜೀರುಂಡೆಯ ಹಾಗೆ ಗುಂಯ್‌ಗುಡತೊಡಗಿತು. ಊಟದ ನಡುವೆ ಎರಡು ಸಲ ಎದ್ದು ಹೋದದ್ದನ್ನು ನೋಡಿ ನನ್ನ ಹೆಂಡತಿ ಹೇಳಿದಳು:

“ಆ ಮಷೀನಿಗೆ ಮೈ ಬೆಚ್ಚಗಾದ್ರ ನಿಮಗ್ಯಾಕ ಬೆವರು? ಕಷಾಯ ಮಾಡಿಕೊಡ್ತೀನಿ, ಹೋಗಿ ಕುಡಿಸಿ ಬರ್ರಿ.”

ಇಷ್ಟೂ ಸಾಲದೆ ಪರೀಕ್ಷೆಯ ಕರೆಯನ್ನೂ ಸೇರಿಸಿದೆ. ಸರ್ವರು ತಾನಾಗಿಯೇ ಒಂದೊಂದು ಫೋನಿಗೂ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಕರೆ ಮಾಡಿ ನೋಡಬೇಕು. ಸರಿಯಾಗಿ ಎಷ್ಟು ಗಂಟೆಗೆ ಎಂಬುದನ್ನು ಅದೇ ಆರಿಸಿಕೊಳ್ಳಲಿ ಎಂದು ಬಿಟ್ಟೆ. ಮೊದಲ ದಿನವೇ ಗೇಟಿನ ವಾಚ್‌ಮನ್ ದೂರು ಕೊಟ್ಟ. ನನ್ನದೇ ವಯಸ್ಸಿನ, ನಿಧಾನದ ಮನುಷ್ಯ.

“ಸರ, ಯಾವನೋ ಫೋನ್ ಹಚ್ತಾನ, ಎತ್ತಿದ್ರ ಉಸಿರು ಸೈತ ಬಿಡಂಗಿಲ್ಲ. ಹಿಂದಿನ ವಾಚ್‌ಮನ್ ತೀರಿಕೊಂಡು ತಿಂಗಳಾತು. ಅವನಾ ಏನು?”

ಪಾಪ, ಎದ್ದು ಬಂದು ಎತ್ತುವ ತೊಂದರೆ ಯಾರಿಗೂ ಬೇಡ ಎಂದು, ಎರಡು ರಿಂಗ್ ಆದ ಕೂಡಲೇ ಕರೆ ತಾನೇ ಕಟ್ ಆಗುವಂತೆ ಬದಲಾಯಿಸಿದೆ. ಮೂರು ಎಂದು ಬರೆಯಬಹುದಿತ್ತು. ಒಂದು ಎಂದು ಬರೆಯಬಹುದಿತ್ತು. ಎರಡು ಎಂದು ಬರೆದೆ.

ಆಮೇಲೆ ಹತ್ತು ಹನ್ನೆರಡು ದಿನ ಚುಕ್ಕೆಗಳೆಲ್ಲ ಹಸಿರು. ನಾನು ಗೊರಕೆ ಹೊಡೆದು ನಿದ್ದೆ ಮಾಡಿದೆನಂತೆ. ಅನುಮಾನ ಬರಬೇಕಿದ್ದದ್ದು ಅಲ್ಲಿಯೇ.

ಗೇಟಿನ ಪಕ್ಕ ಫೋನಿರುವ ಗುಡಿಸಲಿನ ಬ್ಯಾಟರಿ ಹಳದಿ ತೋರಿಸಿದಾಗ ಹೊಸದೊಂದನ್ನು ಚೀಲದಲ್ಲಿಟ್ಟುಕೊಂಡು ಸಂಡೂರಿನ ಬಸ್ ಹತ್ತಿದೆ. ಗೇಟು ಮುಟ್ಟಿದಾಗ ಮಧ್ಯಾಹ್ನ. ವಾಚ್‌ಮನ್ ಕೆಂಪು ಬಾವುಟ ಹಿಡಿದು ಅಡ್ಡಗಂಬದ ಪಕ್ಕ ಬಿಸಿಲಲ್ಲಿ ನಿಂತಿದ್ದ. ಬ್ಲಾಸ್ಟಿಂಗ್ ಹೊತ್ತಿನಲ್ಲಿ ಅವನು ಅಲ್ಲಿಂದ ಕದಲುವ ಹಾಗಿಲ್ಲ. ಎದುರಿಗೆ ಒಂದು ಬೈಕು, ಅದರ ಹಿಂದೆ ಗುಡ್ಡದಲ್ಲಿ ಸಸಿ ನೆಡಲು ಹೊರಟ ಹೆಂಗಸರ ಟೆಂಪೋ. ನಾನು ಗುಡಿಸಲಿನೊಳಗೆ ಬ್ಯಾಟರಿ ಬದಲಾಯಿಸುತ್ತಿದ್ದರೆ ಹೊರಗಿನ ಮಾತು ಕೇಳುತ್ತಿತ್ತು.

“ಯಣ್ಣಾ, ನಿನ್ನ ಕೋಲು ಯಾವಾಗ ಎತ್ತತಿ? ಸಸಿ ಒಣಗಿ ಕಟ್ಟಿಗಿ ಆದ್ವು.”

“ಈಗ ಎತ್ತಿದ್ರ ನೀ ಮ್ಯಾಲ ಹೋಗ್ತಿ ಯವ್ವಾ. ಭಾಳ ಮ್ಯಾಲ. ಸುಮ್ನ ಕುಂದ್ರು.”

“ನಾ ಹೋದ್ರ ನಿನ್ನ ಕರಕೊಂಡಾ ಹೋಗಾಕಿ!”

ಎಲ್ಲರೂ ನಕ್ಕರು. ದೂರದಲ್ಲೆಲ್ಲೋ ಢಂ ಎಂದಿತು. ನಾನು ಕೆಲಸ ಮುಗಿಸಿ, ಕೈ ಒರೆಸುತ್ತ ಹೊರಗೆ ಬಂದೆ. ಬೆನ್ನ ಹಿಂದೆ ಗುಡಿಸಲಿನ ಫೋನು ಎರಡು ಸಲ ರಿಂಗಾಗಿ ಸುಮ್ಮನಾಯಿತು.

“ಕ್ಲಿಯರ್!” ಎಂದ ವಾಚ್‌ಮನ್. ಬಾವುಟ ಸುತ್ತಿ ಕಂಕುಳಿಗೆ ಸಿಕ್ಕಿಸಿ, ಅಡ್ಡಗಂಬ ಎತ್ತಿದ. ಬೈಕು ಬುರ್ರೆಂದು ಹತ್ತಿ ತಿರುವಿನಲ್ಲಿ ಮರೆಯಾಯಿತು.

ಅದೇ ಹೊತ್ತಿಗೆ ನನ್ನ ಜೇಬು ಗುಂಯ್ ಎಂದಿತು. ಗೇಟಿನ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ತೆಗೆದು ನೋಡಿದೆ. ‘ಗೇಟ್ ಫೋನ್: ಪರೀಕ್ಷೆಯ ಕರೆ ಯಶಸ್ವಿ.’ ನಾಚಿಕೆಯ ಮಾತು, ನನಗೆ ಮೊದಲು ಆದದ್ದು ಖುಷಿ. ಹೊಸ ಬ್ಯಾಟರಿ ಹಾಕಿದ ಕೂಡಲೇ ಹಸಿರು! ಆಮೇಲೆ ಕೇಳಿದೆ:

“ಫೋನ್ ಎತ್ತಲಿಲ್ಲಲ್ಲ, ಕ್ಲಿಯರ್ ಅಂತ ಹೆಂಗ ಗೊತ್ತಾತು?”

“ಎತ್ತೋದ್ಯಾಕ್ರಿ ಸರ? ಗೇಟ್ ಬಿಟ್ಟು ಒಳಗ ಹೋಗಂಗಿಲ್ಲ. ಎರಡ್ ರಿಂಗ್ ಕೊಟ್ಟು ಕಟ್ ಮಾಡಿದ್ರ ಕ್ಲಿಯರ್. ನಾ ಬಂದಾಗಿಂದ ಹಂಗಾ ನಡದೈತಿ.”

ಟೆಂಪೋ ಹೊರಟಿತ್ತು. ನಾನು ಎರಡೂ ಕೈ ಚಾಚಿ ಅದರ ಮೂತಿಗೆ ಅಡ್ಡ ನಿಂತೆ. ಡ್ರೈವರ್ ಬ್ರೇಕ್ ಒತ್ತಿ ತಲೆ ಹೊರಗೆ ಹಾಕಿದ.

“ಏನ್ ಸರ, ಸಾಯಾಕ ನನ್ನ ಗಾಡಿನಾ ಬೇಕಿತ್ತೇನು?”

“ಆ ಫೋನ್ ನಂದು! ನಾ ಮಾಡಿದ್ದು! ಕ್ಲಿಯರ್ ಅಲ್ಲ ಅದು!”

“ನೀವು ಇಲ್ಲೇ ನಿಂತೀರಲ್ರಿ,” ಎಂದ ವಾಚ್‌ಮನ್. “ಇಲ್ಲಿಂದ ಹೆಂಗ ಮಾಡಿದ್ರಿ?”

ಸರ್ವರು, ಪ್ರೋಗ್ರಾಮು ಎಂದೆಲ್ಲ ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಬೈಕು, ಬೈಕು ಎಂದಷ್ಟೇ ಕಿರುಚಿದೆ. ಅಷ್ಟು ಸಾಕಾಯಿತು. ವಾಚ್‌ಮನ್ ಕಂಬವನ್ನು ಕೆಳಗೆ ಬಿಟ್ಟು, ಸೀಟಿ ಊದುತ್ತ ತಿರುವಿನ ಕಡೆ ಓಡಿದ. ನಾನು ಒಳಗೆ ನುಗ್ಗಿ ಗಣಿಗೆ ಫೋನ್ ಹಚ್ಚಿದೆ. ರಿಂಗಾಗುತ್ತಲೇ ಇತ್ತು. ಎತ್ತಲು ಅಲ್ಲಿ ಯಾರೂ ಇರುವುದಿಲ್ಲ, ಆ ಹೊತ್ತಿಗೆ ಎಲ್ಲರೂ ದೂರ ಸರಿದು ಮರೆಯಲ್ಲಿ ಕೂತಿರುತ್ತಾರೆ. ಎಷ್ಟು ಚೆನ್ನಾಗಿ ರಿಂಗಾಗುತ್ತಿತ್ತೆಂದರೆ, ಲಿಂಕಿನಲ್ಲಿ ಒಂದು ಚೂರೂ ದೋಷವಿರಲಿಲ್ಲ.

ಹೊರಗೆ ಟೆಂಪೋ ಡ್ರೈವರ್ ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಹೆಂಗಸರು ಮಣ್ಣು ಹೊರುವ ಪುಟ್ಟಿ ಬಡಿಯುತ್ತ ಕೂಗುತ್ತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ, ತಿರುವಿನಲ್ಲಿ ಬೈಕು ಕಾಣಿಸಿತು, ಇಳಿಯುತ್ತ. ಹಿಂದಿನ ಸೀಟಿನಲ್ಲಿ ವಾಚ್‌ಮನ್ ಕೂತಿದ್ದ.

“ಇಷ್ಟ್ಯಾಕ ಸೀಟಿ, ಹಾರನ್ನು? ನನ್ನ ಊಟದ ಡಬ್ಬಿ ಬಿತ್ತೇನು?” ಎಂದ ಬೈಕಿನವನು.

ಯಾರೂ ಉತ್ತರ ಕೊಡುವ ಮೊದಲೇ ಕಾಲಡಿಯ ನೆಲ ಅದುರಿತು. ಆಮೇಲೆ ಸದ್ದು. ಆಮೇಲೆ ತಿರುವಿನ ಮೇಲಿನ ದಿಬ್ಬದಿಂದ ಕೆಂಪು ಧೂಳೆದ್ದು, ಪುಡಿಗಲ್ಲುಗಳು ಚಟಪಟ ರಸ್ತೆಗೆ ಬಿದ್ದವು. ಬೈಕಿನವನು ಅಲ್ಲಿಯೇ ಕುಕ್ಕುರುಗಾಲಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಗುಡಿಸಲಿನಲ್ಲಿ ಫೋನ್ ಮತ್ತೆ ಎರಡು ಸಲ ರಿಂಗಾಗಿ ನಿಂತಿತು. ಒಬ್ಬರೂ ಅಲುಗಾಡಲಿಲ್ಲ. ವಾಚ್‌ಮನ್ ನನ್ನ ಕಡೆ ತಿರುಗಿದ.

“ಇದು ಯಾರದ್ರಿ ಸರ?”

ನಾನು ಒಳಗೆ ಹೋಗಿ ಗಣಿಗೆ ಫೋನ್ ಮಾಡಿದೆ. ಈ ಸಲ ಮನುಷ್ಯರ ದನಿ ಬಂತು. ಮುಗಿದಿದೆ ಎಂದು ಮೂರು ಸಲ ಹೇಳಿಸಿಕೊಂಡೆ.

ಅವತ್ತೇ ಮ್ಯಾನೇಜರ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ತಪ್ಪು ವಾಚ್‌ಮನ್‌ನದಲ್ಲ, ಎರಡು ರಿಂಗಿನ ಪದ್ಧತಿ ಇದೆಯೇ ಎಂದು ಗೇಟಿಗೆ ಹೋಗಿ ಕೇಳದ ನನ್ನದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಪದ್ಧತಿ ನಮಗೂ ಗೊತ್ತಿತ್ತಲ್ರಿ,” ಎಂದು ಕಿಟಕಿಯ ಆಚೆ ನೋಡಿದರು. ಪರೀಕ್ಷೆಯ ಕರೆ ಅವತ್ತೇ ನಿಂತಿತು. ಗೇಟಿನ ಫೋನನ್ನು ಗುಡಿಸಲಿನಿಂದ ಹೊರಗೆ, ಅಡ್ಡಗಂಬದ ಪಕ್ಕಕ್ಕೆ ತಂದು ಕೂರಿಸಿದೆ. ಈಗ ವಾಚ್‌ಮನ್ ಅದನ್ನು ಎತ್ತಿ, ದನಿ ಕೇಳಿ, ತಾನೂ ತಿರುಗಿ ಹೇಳಿಯೇ ಗೇಟು ತೆಗೆಯಬೇಕು.

ಅಲ್ಲಿಗೆ ಬಿಡಬಹುದಿತ್ತು. ಬಿಡುವ ಜಾಯಮಾನ ನನ್ನದಲ್ಲ. ಸರ್ವರು ಅಷ್ಟೂ ದಿನ ಮಾಡಿದ ಕರೆಗಳ ಹೊತ್ತನ್ನೆಲ್ಲ ಬರೆದಿಟ್ಟುಕೊಂಡಿತ್ತು. ಗಣಿಯಲ್ಲಿ ಬ್ಲಾಸ್ಟಿಂಗ್ ರಿಜಿಸ್ಟರ್ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ನೋಡಿದೆ. ಬೈಕಿನ ದಿನ ಬಿಟ್ಟು ಉಳಿದ ದಿನಗಳಲ್ಲಿ ನನ್ನ ಕರೆ ಗೇಟು ಮುಚ್ಚುವ ಮುಂಚೆ ಬಂದಿತ್ತು, ಇಲ್ಲವೇ ತೆರೆದ ಮೇಲೆ. ಅದಕ್ಕೂ ಮುಂಚಿನ ಇನ್ನೊಂದು ದಿನ ಮಾತ್ರ ಹಾಗಿರಲಿಲ್ಲ. ನನ್ನ ಎರಡು ರಿಂಗ್ ಆದ ಆರು ನಿಮಿಷಕ್ಕೆ ಮದ್ದು ಹಾರಿತ್ತು.

ಹಾಳೆ ಮಡಚಿಕೊಂಡು ಮತ್ತೆ ಸಂಡೂರಿಗೆ ಹೋದೆ. ಆ ದಿನದ ತಾರೀಖು ತೋರಿಸಿ, ಅವತ್ತು ಗೇಟು ತೆಗೆದ ಮೇಲೆ ಯಾರಾದರೂ ಹತ್ತಿದರೇ ಎಂದು ವಾಚ್‌ಮನ್‌ನನ್ನು ಕೇಳಿದೆ.

“ಅವತ್ತು ಯಾರೂ ಹತ್ತಲಿಲ್ರಿ ಸರ. ಸಂತಿ ದಿನ ಅದು. ರಸ್ತಿ ಖಾಲಿ ಇತ್ತು.”

“ಖರೇನಾ?”

ಅವನು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮಡಿಕೆಯ ಗುರುತಿನ ಮೇಲೆಯೇ ಮತ್ತೆ ಮಡಚಿ ವಾಪಸ್ ಕೊಟ್ಟ. ತಿರುವಿನ ಕಡೆ ನೋಡಿದ.

“ಹಂಗಂತ ಅನ್ಕೊಳ್ರಿ,” ಎಂದ. “ನಾನೂ ಹಂಗಾ ಅನ್ಕೊಂಡೀನಿ.”